ಕೂಸಿನ ನಡುಪಟ್ಟಿ

ಡಾಕ್ಟ್ರಮ್ಮ ಡಾಕ್ಟರಲ್ಲ. ಸೊಂಟ ಮುರಿದುಕೊಂಡವರಿಗೆ, ಮಂಡಿಗೆ ಹೊಸ ಕೀಲು ಹಾಕಿಸಿಕೊಂಡವರಿಗೆ ಮತ್ತೆ ನಡೆಯುವುದನ್ನು ಕಲಿಸುವ ಫಿಸಿಯೋಥೆರಪಿಸ್ಟ್. ಆ ಪರದೇಶದ ಊರಿನಲ್ಲಿದ್ದ ಬೆರಳೆಣಿಕೆಯ ಕನ್ನಡದ ಮನೆಗಳಲ್ಲಿ ಯಾರೋ ಮೊದಲ ಸಲ ಹಾಗೆ ಕರೆದಾಗ ಅವಳು ತಿದ್ದಲಿಲ್ಲ. ಆಮೇಲೆ ತಿದ್ದಿದರೆ ಕರೆದವರಿಗೆ ಮುಜುಗರವಾದೀತೆಂದು ಸುಮ್ಮನಾದಳು. ಇನ್ನೊಬ್ಬರಿಗೆ ಮುಜುಗರವಾಗಬಾರದು, ಕಷ್ಟವಾಗಬಾರದು, ನೋವಾಗಬಾರದು ಎಂದು ಅವಳು ಸದಾ ಯೋಚಿಸುತ್ತಿದ್ದಳು. ಆ ಇನ್ನೊಬ್ಬರನ್ನು ಒಂದು ಮಾತು ಕೇಳುವುದನ್ನು ಮಾತ್ರ ಮರೆಯುತ್ತಿದ್ದಳು.

ಹೊಸದಾಗಿ ಬಂದವರಿಗೆ ಬಾಡಿಗೆ ಮನೆ ಹುಡುಕಿಕೊಡುವುದು ಅವಳೇ. ಆ ಮನೆಯ ಪರದೆಗೆ ಬಣ್ಣ ಆರಿಸುವುದೂ ಅವಳೇ. ಮಂಚ ಯಾವ ಗೋಡೆಗಿರಬೇಕೆಂದು ಹೇಳಿ, ಮುಂದಿನ ಸಲ ಬಂದಾಗ ಅದು ಬೇರೆ ಗೋಡೆಗಿದ್ದರೆ ತಾನೇ ಎಳೆದು ಸರಿಪಡಿಸಿ ಹೋಗುವುದೂ ಅವಳೇ. ಅವಳ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ತೇಯುವವನು. ಹೊರಗೆ ಚಳಿ ಇದೆಯೋ ಇಲ್ಲವೋ ಎಂಬುದನ್ನು ಅವನು ಕಿಟಕಿಯಾಚೆ ನೋಡಿ ಅಲ್ಲ, ಹೆಂಡತಿ ಸೋಫಾದ ಮೇಲೆ ತೆಗೆದಿಟ್ಟ ಸ್ವೆಟರ್ ನೋಡಿ ತಿಳಿದುಕೊಳ್ಳುತ್ತಿದ್ದ. ಪಾಪ, ಸುಖವಾಗಿಯೇ ಇದ್ದ.

ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮನ ಆಯುಧವೆಂದರೆ ನಡುಪಟ್ಟಿ. ದಪ್ಪ ಕ್ಯಾನ್ವಾಸಿನ ಅಗಲವಾದ ಬೆಲ್ಟು, ಮುಂದೆ ಬಕಲ್, ಹಿಂದೆ ಹಿಡಿಕೆ. ಅದನ್ನು ರೋಗಿಯ ಸೊಂಟಕ್ಕೆ ಬಿಗಿದು, ಹಿಂದಿನಿಂದ ಹಿಡಿಕೆ ಹಿಡಿದು ನಡೆಸಬೇಕು. ಕಾಲು ಕುಸಿದರೆ ತಟ್ಟನೆ ಎತ್ತಿ ನಿಲ್ಲಿಸಬಹುದು. ಮಿಕ್ಕವರು ನಾಲ್ಕು ದಿನ ಹಿಡಿದು ಆಮೇಲೆ ಪಟ್ಟಿ ಬಿಚ್ಚಿಬಿಡುತ್ತಿದ್ದರು. ಡಾಕ್ಟ್ರಮ್ಮ ಬಿಚ್ಚುತ್ತಿರಲಿಲ್ಲ. ತನ್ನ ಸರ್ವೀಸಿನಲ್ಲಿ ಒಬ್ಬ ರೋಗಿಯೂ ನೆಲ ಮುಟ್ಟಿಲ್ಲ ಎಂದು ಎದೆಯುಬ್ಬಿಸಿ ಹೇಳುತ್ತಿದ್ದಳು. ಅದು ನಿಜ. ಅವಳ ರೋಗಿಗಳು ಬೀಳುತ್ತಿರಲಿಲ್ಲ. ಬೇಗ ಮನೆಗೂ ಹೋಗುತ್ತಿರಲಿಲ್ಲ.

ಇಂಥವಳಿಗೊಬ್ಬ ಗೆಳತಿ. ಗಂಡನ ಹಿಂದೆ ಆ ದೇಶಕ್ಕೆ ಬಂದು, ಗಂಡ ಬೇರೊಂದು ಸಂಸಾರ ಹುಡುಕಿಕೊಂಡು ಹೋದ ಮೇಲೂ ಊರಿಗೆ ಮರಳದೆ ಅಲ್ಲೇ ಉಳಿದವಳು. ಬೇಕರಿಯಲ್ಲಿ ಕೇಕುಗಳ ಮೇಲೆ ಹೂಬಳ್ಳಿ ಬಿಡಿಸಿ ಅಪರಿಚಿತರ ಹೆಸರು ಬರೆಯುವ ಕೆಲಸ ಅವಳದು. ವಯಸ್ಸು ನಲವತ್ತರ ಹತ್ತಿರ. ಡಾಕ್ಟ್ರಮ್ಮನಿಗಿಂತ ಎಂಟೊಂಬತ್ತು ವರ್ಷ ಚಿಕ್ಕವಳಿದ್ದಾಳು. ಅಷ್ಟೇ ಸಾಕಾಯಿತು, ಡಾಕ್ಟ್ರಮ್ಮ ಅವಳನ್ನು ‘ಕೂಸು’ ಎಂದು ಕರೆಯತೊಡಗಿದಳು. ಬ್ಯಾಂಕಿಗಾಗಲಿ, ಮನೆ ಮಾಲೀಕನ ಹತ್ತಿರವಾಗಲಿ, ಹಲ್ಲಿನ ಡಾಕ್ಟರ ಹತ್ತಿರವಾಗಲಿ ಕೂಸು ಹೋಗಬೇಕೆಂದರೆ ಜೊತೆಗೆ ಡಾಕ್ಟ್ರಮ್ಮ ಇರಲೇಬೇಕು. ಅಲ್ಲಿಯ ಭಾಷೆಯಲ್ಲಿ ಅವರು ಕೂಸನ್ನು “ಎಲ್ಲಿ ನೋವು?” ಎಂದು ಕೇಳಿದರೆ ಡಾಕ್ಟ್ರಮ್ಮ “ಎಡಗಡೆ ದವಡೆ” ಎನ್ನುತ್ತಿದ್ದಳು. ಒಂದು ಸಲ ನೋವಿದ್ದದ್ದು ಬಲಗಡೆ. ಡಾಕ್ಟರು ಬಾಯಿ ತೆರೆಸಿ ನೋಡುವ ಪೈಕಿ ಆದ್ದರಿಂದ ಕೂಸಿನ ಹಲ್ಲು ಉಳಿಯಿತು.

ಆದರೆ ಒಂದು ಮಾತು ಹೇಳಲೇಬೇಕು. ಡಾಕ್ಟ್ರಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದು ಈ ಪ್ರಪಂಚದಲ್ಲಿ ಕೂಸಿನೆದುರು ಮಾತ್ರ. ಭಾನುವಾರ ಮಧ್ಯಾಹ್ನ ಕೂಸು ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ವಾರವಿಡೀ ಬೇಕರಿಗೆ ಬಂದವರನ್ನೆಲ್ಲ ನಕಲು ಮಾಡಿ ತೋರಿಸುತ್ತಿದ್ದಳು. ಮಗುವಿನ ಹೆಸರು ಹೇಗೆ ಬರೆಯಬೇಕೆಂದು ಗೊತ್ತಾಗದೆ ಹೆಂಡತಿಗೆ ಫೋನು ಹಚ್ಚಿ ಬೈಸಿಕೊಂಡ ಅಪ್ಪ. ಕೇಕಿನ ಮೇಲೆ ‘ಕ್ಷಮಿಸು’ ಎಂದು ಬರೆಸಿ, ಸ್ವಲ್ಪ ಹೊತ್ತು ಯೋಚಿಸಿ, “ಅಷ್ಟೇನೂ ಬೇಡ, ಹೂವು ಹಾಕಿ ಸಾಕು” ಎಂದ ಗಂಡಸು. ಡಾಕ್ಟ್ರಮ್ಮ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಆ ಒಂದು ಮಧ್ಯಾಹ್ನವಿಲ್ಲದಿದ್ದರೆ ಅವಳ ವಾರವೆಂಬುದು ಬರೀ ಮಂಡಿ ಮತ್ತು ಸೊಂಟ.

ಹೀಗಿರುವಾಗ ಬೇಕರಿಯ ಒಡತಿ ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯಲು ಹೊರಟಳು. ರೈಲಿನಲ್ಲಿ ಅರ್ಧ ದಿನದ ದಾರಿ. ಅದನ್ನು ನೋಡಿಕೊಳ್ಳಲು ಕೂಸನ್ನು ಕೇಳಿದಳು, ತಿಂಗಳ ಕೊನೆಗೆ ಉತ್ತರ ಹೇಳು ಎಂದಳು. ಕೂಸು ಮೈಯೆಲ್ಲ ಹಿಟ್ಟು ಮಾಡಿಕೊಂಡಿದ್ದ ಹಾಗೇ ಓಡಿಬಂದು ಡಾಕ್ಟ್ರಮ್ಮನಿಗೆ ವಿಷಯ ಹೇಳಿದಳು.

“ನಿನ್ನ ಕೈಲಿ ಆಗುತ್ತಾ ಅದೆಲ್ಲ?” ಅಂದಳು ಡಾಕ್ಟ್ರಮ್ಮ. “ಅಂಗಡಿ ಅಂದ್ರೆ ಕೇಕಿನ ಮೇಲೆ ಹೂ ಬಿಡಿಸಿದ ಹಾಗಾ? ಕೆಲಸದವ್ರು, ಲೈಸೆನ್ಸು, ನೂರೆಂಟು. ಅಲ್ಲಿ ನಿನ್ನ ಪರವಾಗಿ ಮಾತಾಡೋರು ಯಾರಿದಾರೆ?”

ಅವಳಿಗೆ ಹೇಳಬೇಕಿದ್ದದ್ದು ಬೇರೆ. ಅದನ್ನು ಬಾಯಿ ಹೇಳಲಿಲ್ಲ. ‘ನೀನು ಹೋದರೆ ನನಗೆ ಬೇಜಾರಾಗುತ್ತದೆ, ಹೋಗಬೇಡ’ ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಕೊಟ್ಟೇ ಅಭ್ಯಾಸವಾದ ಕೈಗೆ ಬೇಡಿ ಅಭ್ಯಾಸವಿರುವುದಿಲ್ಲ. ನಿನ್ನ ಕೈಲಿ ಆಗುವುದಿಲ್ಲ ಎನ್ನುವುದು ಸುಲಭ, ಅದರಲ್ಲಿ ಕಾಳಜಿಯೂ ಇದ್ದ ಹಾಗೆ ಕಾಣುತ್ತದೆ.

ಕೂಸು ಕಿಟಕಿಯಾಚೆ ನೋಡಿದಳು. ಕೆಳಗಿನ ದಾರಿಯಲ್ಲಿ ತಲೆ ನೆರೆತ ಹೆಂಗಸೊಬ್ಬಳು ಚಕ್ರದ ಬೂಟು ಹಾಕಿಕೊಂಡು, ಎರಡೂ ಕೈ ಬೆನ್ನಿಗೆ ಕಟ್ಟಿ, ತರಕಾರಿ ತರಲು ಹೋಗುವವಳ ಹಾಗೆ ಆರಾಮಾಗಿ ಜಾರಿಕೊಂಡು ಹೋಗುತ್ತಿದ್ದಳು.

“ಒಂದು ಕೆಲ್ಸ ಮಾಡ್ತೀನಿ,” ಅಂದಳು ಕೂಸು. “ಅದನ್ನ ಕಲೀತೀನಿ. ಯಾರೂ ಹಿಡೀದೆ ಒಂದು ಸುತ್ತು ಹೋಗಿ ಬಂದ್ರೆ ಅಂಗಡಿಗೆ ಹೂಂ ಅಂತೀನಿ. ಆಗ್ಲಿಲ್ಲ ಅಂದ್ರೆ ನೀನು ಹೇಳಿದ್ದೇ ಸರಿ, ಇಲ್ಲೇ ಇದ್ದುಬಿಡ್ತೀನಿ.”

ಅಂಗಡಿಗೂ ಚಕ್ರಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಕೇಳುವವರು ಕೇಳಬಹುದು. ಕೂಸಿನ ಮದುವೆಯನ್ನು ಹಿರಿಯರು ಜಾತಕ ನೋಡಿ ಮಾಡಿದ್ದರು. ಈ ಸಲ ಬೇರೆ ಏನನ್ನಾದರೂ ನೋಡೋಣ ಎಂದು ಅವಳಿಗೆ ಅನಿಸಿದ್ದರೆ ತಪ್ಪೇನಿಲ್ಲ.

ಡಾಕ್ಟ್ರಮ್ಮನಿಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಎಸ್ಕಲೇಟರ್ ಹತ್ತುವಾಗ ಕಣ್ಣು ಮುಚ್ಚಿ ದೇವರನ್ನು ನೆನೆಯುವವಳು ಸ್ಕೇಟಿಂಗ್ ಕಲಿಯುವುದುಂಟೆ!

“ನಾನೂ ಬರ್ತೀನಿ, ಇಬ್ರೂ ಕಲಿಯೋಣ. ನಿನ್ನೊಬ್ಬಳನ್ನೇ ಕಳ್ಸೋಕಾಗುತ್ತಾ?” ಅಂದಳು.

ಕೂಸಿನ ಮುಖ ಸ್ವಲ್ಪ ಸಪ್ಪಗಾಯಿತು. ಅವಳು ಒಬ್ಬಳೇ ಹೋಗುವ ಲೆಕ್ಕದಲ್ಲಿದ್ದಳು. ಆದರೂ ತಲೆಯಾಡಿಸಿದಳು.

ಬಾಗಿಲು ಮುಚ್ಚಿದ ಪೀಠೋಪಕರಣದ ಮಳಿಗೆಯೊಂದರ ಹಿಂದೆ ಕಾರು ನಿಲ್ಲಿಸುವ ದೊಡ್ಡ ಬಯಲಿತ್ತು. ನುಣುಪಾದ ಟಾರು, ಅಲ್ಲಲ್ಲಿ ದೀಪದ ಕಂಬ, ಮೂಲೆಯಲ್ಲಿ ಗಿರಾಕಿಗಳ ತಳ್ಳುಗಾಡಿಗಳನ್ನು ನಿಲ್ಲಿಸುವ ಖಾಲಿ ಚಪ್ಪರ. ಮೊದಲ ಭಾನುವಾರ ಇಬ್ಬರೂ ಅಂಚಿನ ಕಟ್ಟೆಯ ಮೇಲೆ ಕೂತು, ಅರ್ಧ ಬೆಲೆಗೆ ಕೊಂಡ ಹಳೆಯ ಸ್ಕೇಟುಗಳನ್ನು ಕಾಲಿಗೇರಿಸಿದರು. ಒಂದರ ಹಿಂದೆ ಒಂದು ಸಾಲಾಗಿ ನಾಲ್ಕು ಪುಟ್ಟ ಚಕ್ರ. ಮಂಡಿಗೆ, ಮೊಣಕೈಗೆ, ಮಣಿಕಟ್ಟಿಗೆ ಪ್ಯಾಡು, ತಲೆಗೆ ಹೆಲ್ಮೆಟ್ಟು. ಇಷ್ಟೆಲ್ಲ ಆದ ಮೇಲೆ ಡಾಕ್ಟ್ರಮ್ಮ ಚೀಲಕ್ಕೆ ಕೈ ಹಾಕಿ ನಡುಪಟ್ಟಿ ತೆಗೆದಳು.

“ಇದೇನಿದು?”

“ಆಸ್ಪತ್ರೇದು. ಹೊಸದೇ, ಯಾರೂ ಕಟ್ಟಿಲ್ಲ. ಕೈ ಎತ್ತು.”

“ನಂದೇನು ಸೊಂಟ ಮುರಿದಿಲ್ವಲ್ಲ.”

“ಮುರೀಬಾರ್ದು ಅಂತಾನೇ ಕಟ್ಟೋದು.”

ಬಕಲ್ ಬಿಗಿಯಿತು. ನಾಯಿ ಸುತ್ತಾಡಿಸಲು ಬಂದಿದ್ದ ಮುದುಕನೊಬ್ಬ ತನ್ನ ನಾಯಿಯ ಪಟ್ಟಿಯನ್ನೂ ಕೂಸಿನ ಪಟ್ಟಿಯನ್ನೂ ಒಂದೊಂದು ಸಲ ನೋಡಿ, ಸಭ್ಯನಾದ್ದರಿಂದ ಆಕಾಶ ನೋಡುತ್ತ ಮುಂದೆ ಹೋದ. ಕೂಸು ಮುಂದೆ, ಹಿಡಿಕೆ ಹಿಡಿದು ಡಾಕ್ಟ್ರಮ್ಮ ಹಿಂದೆ, ಮೆರವಣಿಗೆ ಹೊರಟಿತು. ನಾಲ್ಕು ಮಾರು ಹೋಗುವಷ್ಟರಲ್ಲಿ ಕೂಸಿನ ಕಾಲು ಮುಂದಕ್ಕೆ ಓಡಿ, ಮೈ ಹಿಂದಕ್ಕೆ ವಾಲಿ, ಅವಳು ಧೊಪ್ಪೆಂದು ಕುಕ್ಕರಿಸಿದಳು. ಎದ್ದಳು, ಮತ್ತೆ ಕುಕ್ಕರಿಸಿದಳು. ಡಾಕ್ಟ್ರಮ್ಮ ಪ್ರತಿ ಸಲವೂ ಹಿಡಿಕೆ ಜಗ್ಗಿ ಪೆಟ್ಟು ಕಡಿಮೆ ಮಾಡಿದಳು ಮತ್ತು ಪ್ರತಿ ಸಲವೂ “ನಾನಿದೀನಿ, ಹೆದರ್ಬೇಡ” ಅಂದಳು.

ಎರಡನೆಯ ಭಾನುವಾರ ಡಾಕ್ಟ್ರಮ್ಮನಿಗೆ ಸೀನು ಬಂತು. ಕರ್ಚೀಫು ತೆಗೆಯಲು ಕ್ಷಣಕಾಲ ಹಿಡಿಕೆ ಬಿಟ್ಟಳು. ಕೂಸಿಗೆ ಅದು ಗೊತ್ತಾಗಲಿಲ್ಲ. ಹಿಂದಿನ ಜಗ್ಗಾಟ ನಿಂತದ್ದೇ ತಡ, ಅವಳ ಮೈ ತಾನಾಗಿಯೇ ಮುಂದಕ್ಕೆ ಬಾಗಿತು, ಮಂಡಿ ಮಡಿಯಿತು, ಬಲಗಾಲು ತಳ್ಳಿತು, ಎಡಗಾಲು ತಳ್ಳಿತು. ಒಂದು ಕಂಬ ದಾಟಿ ಇನ್ನೊಂದು ಕಂಬದವರೆಗೆ ಕೂಸು ಎಲ್ಲೂ ತೂರಾಡದೆ ಹೋದಳು. ಇತ್ತ ಹಿಡಿದುಕೊಳ್ಳಲು ಏನೂ ಇಲ್ಲದ ಡಾಕ್ಟ್ರಮ್ಮ ಗಾಳಿಯಲ್ಲಿ ಕೈ ಬೀಸುತ್ತ, ಪಕ್ಕದ ಕಂಬವನ್ನು ಅಪ್ಪಿಕೊಂಡು ಹೇಗೋ ನಿಂತಳು.

ಜನರ ತೂಕ ಯಾವ ಕಾಲಿನ ಮೇಲೆ ಎಷ್ಟು ಬೀಳುತ್ತದೆಂದು ನೋಡುವುದೇ ಅವಳ ಕಸುಬು. ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಹಿಂದಿನಿಂದ ಹಿಡಿದರೆ ಕೂಸು ಆ ಹಿಡಿತಕ್ಕೆ ಒರಗುತ್ತಾಳೆ, ಒರಗಿದರೆ ಭಾರ ಹಿಮ್ಮಡಿಗೆ ಬರುತ್ತದೆ, ಚಕ್ರ ಮುಂದಕ್ಕೆ ಓಡುತ್ತದೆ. ಬೀಳಿಸುತ್ತಿರುವುದು ಪಟ್ಟಿ. ಸೊಂಟ ಮುರಿದವರ ನಡಿಗೆಗೆ ಮಾಡಿದ್ದನ್ನು ಚಕ್ರಕ್ಕೆ ಕಟ್ಟಿದರೆ ಇನ್ನೇನಾಗುತ್ತದೆ?

“ನಿಲ್ಲೇ!” ಎಂದು ಡಾಕ್ಟ್ರಮ್ಮ ಕಿರುಚಿದಳು.

ಕೂಸು ಬೆಚ್ಚಿ ಹಿಂದೆ ತಿರುಗಿದಳು, ತಿರುಗಿದ್ದೇ ಬಿದ್ದಳು. ಈ ಸಲ ಜೋರಾಗಿಯೇ ಬಿದ್ದಳು.

ಡಾಕ್ಟ್ರಮ್ಮ ಕಂಬದಿಂದ ಕಂಬಕ್ಕೆ ತೂರಾಡುತ್ತ ಅಲ್ಲಿಗೆ ತಲುಪಿದಳು. ಬರುವ ದಾರಿಯಲ್ಲಿ ನಿಜ ಹೇಳಲು ಬೇಕಾದಷ್ಟು ಸಮಯವಿತ್ತು. ತಲುಪಿ, ಹಿಡಿಕೆಯನ್ನು ಭದ್ರವಾಗಿ ಹಿಡಿದುಕೊಂಡು, “ನೋಡಿದ್ಯಾ? ಕೈ ಬಿಟ್ಟ ತಕ್ಷಣ ಬಿದ್ದೆ,” ಅಂದಳು.

ಆ ಸಂಜೆ ಅವಳು ಗಂಡನಿಗೆ ಊಟ ಬಡಿಸುತ್ತ, ಯಾರದೋ ಕಥೆ ಹೇಳುವವಳ ಹಾಗೆ, “ಒಬ್ರಿಗೆ ಪಟ್ಟಿ ಬೇಡ, ಬಿಟ್ರೇನೇ ಚೆನ್ನಾಗಿ ಹೋಗ್ತಾರೆ ಅನ್ಕೋ. ಆದ್ರೂ ಹಿಡ್ಕೊಂಡಿದ್ರೆ ತಪ್ಪಾ?” ಎಂದು ಕೇಳಿದಳು.

“ಪೇಷಂಟಾ?” ಅಂದ ಗಂಡ.

“ಪೇಷಂಟ್ ಅಲ್ಲ.”

“ಹಾಗಾದ್ರೆ ಪಟ್ಟಿ ಯಾಕೆ?”

“ನಿಮಗೆ ಇದೆಲ್ಲ ಅರ್ಥವಾಗಲ್ಲ, ಪಲ್ಯ ಹಾಕ್ಕೊಳ್ಳಿ,” ಎಂದು ಅವನ ತಟ್ಟೆಗೆ ತಾನೇ ಪಲ್ಯ ಹಾಕಿದಳು. ಅವನಿಗೆ ಬೇಡವಾಗಿತ್ತು. ತಿಂದ.

ಅಲ್ಲಿಂದ ಮುಂದೆ ಅವಳು ತನಗೆ ತಾನೇ ಹೇಳಿಕೊಂಡ ಸಮಾಧಾನಗಳನ್ನು ಕೇಳಬೇಕು. ತಾನೇನೂ ಸುಳ್ಳು ಹೇಳಿಲ್ಲ, ಕೈ ಬಿಟ್ಟದ್ದೂ ನಿಜ, ಬಿದ್ದದ್ದೂ ನಿಜ. ಅಷ್ಟಕ್ಕೂ ಆ ಊರಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ? ಒಬ್ಬಳೇ ಇರುವ ಹೆಂಗಸು, ಜ್ವರ ಬಂದರೆ ಗಂಜಿ ಕಾಯಿಸಿಕೊಡುವವರು ಯಾರು? ಹೀಗೆ ಕೂಸಿಗೆ ಬರದ ಜ್ವರಕ್ಕೆಲ್ಲ ಮದ್ದು ಮಾಡುತ್ತ, ಭಾನುವಾರ ಬಂದೊಡನೆ ಪಟ್ಟಿ ಕಟ್ಟಿ ಹಿಡಿಕೆ ಹಿಡಿಯುತ್ತಿದ್ದಳು. ಕೂಸು ಬೀಳುತ್ತಿದ್ದಳು.

ಆಗಬಾರದ ಇನ್ನೊಂದು ಕೆಲಸವೂ ಆಯಿತು. ಕೂಸು ನಕಲು ಮಾಡುವುದನ್ನು ಬಿಟ್ಟಳು. ಸ್ಕೇಟಿಂಗ್ ಮುಗಿಸಿ ಅಡುಗೆಮನೆಗೆ ಬಂದರೆ ಕಟ್ಟೆಯ ಮೇಲೆ ಕೂರಲು ನೋವು, ನಿಂತೇ ಕಾಫಿ ಕುಡಿದು ಹೊರಟುಬಿಡುತ್ತಿದ್ದಳು. “ಬೇಕರೀಲಿ ಏನು ವಿಶೇಷ?” ಎಂದರೆ “ಏನಿಲ್ಲ” ಎನ್ನುತ್ತಿದ್ದಳು. ಯಾವ ಭಾನುವಾರಗಳನ್ನು ಉಳಿಸಿಕೊಳ್ಳಲು ಡಾಕ್ಟ್ರಮ್ಮ ಇಷ್ಟೆಲ್ಲ ಮಾಡುತ್ತಿದ್ದಳೋ ಅವನ್ನು ತಾನೇ ಕೈಯಾರೆ ಹಾಳು ಮಾಡುತ್ತಿದ್ದಳು. ಅದು ಅವಳಿಗೆ ಕಾಣುತ್ತಿತ್ತು. ಈ ತಿಂಗಳೊಂದು ಕಳೆಯಲಿ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು.

ತಿಂಗಳ ಕೊನೆಯ ಭಾನುವಾರ ಬಂತು. ಒಡತಿಗೆ ಮರುದಿನ ಉತ್ತರ ಹೇಳಬೇಕು. ಕೂಸು ಅಂದು ಹಲ್ಲು ಕಚ್ಚಿ ಹೊರಟಳು, ಮೊದಲ ಕಂಬದ ಹತ್ತಿರವೇ ಕುಕ್ಕರಿಸಿದಳು. ಈ ಸಲ ಏಳಲು ಹೋಗಲಿಲ್ಲ. ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು.

“ಸಾಕು ಬಿಡು,” ಅಂದಳು. “ನಾಳೆ ಇಲ್ಲ ಅಂತ ಹೇಳ್ಬಿಡ್ತೀನಿ. ನೀನು ಮೊದಲೇ ಹೇಳಿದ್ದೆ, ನಾನೇ ಕೇಳ್ಲಿಲ್ಲ. ನನ್ನ ಕೈಲಿ ಆಗೋ ಕೆಲ್ಸ ಅಲ್ಲ ಅದು.”

ಡಾಕ್ಟ್ರಮ್ಮ ಗೆದ್ದಳು. ಗೆದ್ದವರಿಗೆ ಆಗಬೇಕಾದ ಖುಷಿಯನ್ನು ಕಾದಳು, ಬರಲಿಲ್ಲ.

“ನೀನಿದ್ದಿದ್ದಕ್ಕೆ ಕೈಕಾಲು ಉಳೀತು,” ಅಂದಳು ಕೂಸು ಸ್ಕೇಟಿನ ದಾರ ಸಡಿಲಿಸುತ್ತ. “ನಿನ್ನ ಭಾನುವಾರ ಎಲ್ಲ ನನ್ನಿಂದ ಹಾಳಾಯ್ತು. ಬೇಜಾರು ಮಾಡ್ಕೋಬೇಡ. ನಿನ್ನಂಥೋಳು ಎಲ್ಲರಿಗೂ ಸಿಗಲ್ಲ.”

ಬೈದಿದ್ದರೆ ಡಾಕ್ಟ್ರಮ್ಮ ತಡೆದುಕೊಳ್ಳುತ್ತಿದ್ದಳು. ಅತ್ತಿದ್ದರೆ ಬೆನ್ನು ಸವರಿ ಸಮಾಧಾನ ಮಾಡುತ್ತಿದ್ದಳು, ಅದಂತೂ ಅವಳಿಗೆ ನೀರು ಕುಡಿದಷ್ಟು ಸುಲಭ. ಈ ಉಪಕಾರಸ್ಮರಣೆ ಮಾತ್ರ ಅವಳಿಗೆ ದಕ್ಕಲಿಲ್ಲ.

“ಪಟ್ಟಿ ಬಿಚ್ಚು,” ಅಂದಳು.

“ಬಿಚ್ತೀನಿ ಇರು, ಮನೆಗೇ ಹೋಗೋದಲ್ವಾ.”

“ಹಾಗಲ್ಲ. ದಾರ ಬಿಗಿ. ಪಟ್ಟಿ ಬಿಚ್ಚಿ ಹೋಗು. ನೀನು ಬೀಳ್ತಿರೋದು ಪಟ್ಟಿಯಿಂದ.”

ಕೂಸು ತಲೆಯೆತ್ತಿ ನೋಡಿದಳು.

“ನಾನು ಹಿಂದಿಂದ ಹಿಡ್ಕೊಂಡಿದ್ರೆ ನೀನು ಬಿದ್ದೇ ಬೀಳ್ತೀಯ. ಅವತ್ತು ಕೈ ಬಿಟ್ಟಾಗ ಎರಡು ಕಂಬದ ದೂರ ಹೋಗಿದ್ದೆ. ಚೆನ್ನಾಗಿ ಹೋಗಿದ್ದೆ. ನಾನು ಕೂಗಿದ್ದಕ್ಕೆ ಬಿದ್ದೆ.”

“ಅವತ್ತಿಂದ ಗೊತ್ತಾ ನಿನಗೆ?”

“ಹೂಂ.”

ಕೂಸು ಬಕಲ್ ಬಿಚ್ಚಿ ಪಟ್ಟಿಯನ್ನು ಟಾರಿನ ಮೇಲೆ ಹಾಕಿದಳು. ಹೆಲ್ಮೆಟ್ಟು ಹಾಕಿಕೊಂಡಳು, ದಾರ ಬಿಗಿದಳು, ಒಂದು ಮಂಡಿಯೂರಿ ಎದ್ದಳು. ಡಾಕ್ಟ್ರಮ್ಮನ ಕೈ ತಾನಾಗಿಯೇ ಮುಂದೆ ಹೋಯಿತು. ಕೂಸು ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ. ಹೊರಟಳು.

ಚೆಂದವೇನೂ ಇರಲಿಲ್ಲ. ಬಾತುಕೋಳಿ ಅವಸರದಲ್ಲಿ ಹೊರಟ ಹಾಗಿತ್ತು. ಆದರೆ ಹೋದಳು. ಕಂಬಗಳನ್ನು ದಾಟಿದಳು, ತಳ್ಳುಗಾಡಿಯ ಚಪ್ಪರದ ಹತ್ತಿರ ತಡವರಿಸಿ ತಿರುಗಿದಳು, ಮಳಿಗೆಯ ಹಿಂಗೋಡೆಯ ಪಕ್ಕದಲ್ಲಿ ಸ್ವಲ್ಪ ಜೋರಾಗಿಯೇ ಬಂದಳು. ಬಯಲಿನ ನಡುವೆ ಡಾಕ್ಟ್ರಮ್ಮ ಒಬ್ಬಳೇ. ಒಂದು ತಿಂಗಳು ಅವಳನ್ನು ನಿಲ್ಲಿಸಿದ್ದು ಕೂಸಿನ ಸೊಂಟ, ಅವಳ ಕಾಲಲ್ಲ. ಒಂದು ಹೆಜ್ಜೆ ಇಡಲು ನೋಡಿದಳು. ಎರಡೂ ಕಾಲು ಎರಡು ದಿಕ್ಕಿಗೆ ಹೋದವು, ಅವಳು ಹಿಂದಕ್ಕೆ ಬಿದ್ದಳು. ಬೆನ್ನ ಬುಡದಿಂದ ತಲೆಯವರೆಗೆ ನೋವು ಹೊಡೆಯಿತು.

ಕೂಸು ಸುತ್ತು ಮುಗಿಸಿ ಬಂದು ಕಂಬವೊಂದನ್ನು ಹಿಡಿದು ನಿಂತಳು. ಇಬ್ಬರ ನಡುವೆ ಒಂದು ಕಾರು ನಿಲ್ಲುವಷ್ಟು ಜಾಗವಿತ್ತು. ಅವಳು ಅದನ್ನು ದಾಟಲಿಲ್ಲ.

“ಯಾಕೆ ಹಾಗೆ ಮಾಡ್ದೆ?”

“ನೀನು ಹೋದ್ರೆ ನಂಗಿಲ್ಲಿ ಯಾರೂ ಇಲ್ಲ,” ಅಂದಳು ಡಾಕ್ಟ್ರಮ್ಮ ನೆಲದ ಮೇಲಿಂದ. ಅಂದ ಮೇಲೆ, ಇಷ್ಟು ಸಣ್ಣ ಮಾತೇ ಎಂದು ಅವಳಿಗೇ ನಾಚಿಕೆಯಾಯಿತು.

ಕೂಸಿನ ಉಸಿರು ಇನ್ನೂ ಏರಿಳಿಯುತ್ತಿತ್ತು. “ಅಷ್ಟೇನಾ? ಅದನ್ನ ಒಂದ್ಸಲ ಬಾಯಿಬಿಟ್ಟು ಹೇಳಿದ್ರೆ ಇದ್ದುಬಿಡ್ತಿದ್ದೆ ಕಣೆ. ಸಂತೋಷವಾಗಿ ಇದ್ದುಬಿಡ್ತಿದ್ದೆ. ನನ್ನನ್ನ ಇರು ಅಂತ ಯಾರೂ ಕೇಳಿಲ್ಲ ಇಲ್ಲೀವರೆಗೆ. ಈಗ ಕೇಳು ನೋಡೋಣ.”

ಅವಳ ದನಿಯಲ್ಲಿ ಸಿಟ್ಟಿತ್ತು, ಆದರೆ ಮಾತು ಹುಸಿಯಲ್ಲ. ಡಾಕ್ಟ್ರಮ್ಮ ಅವಳ ಮುಖ ನೋಡಿದಳು. ಕೇಳಿದರೆ ಇರುತ್ತಾಳೆ. ಹೋಗಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಇಷ್ಟು ಬೇಕಾದದ್ದು ಇಷ್ಟು ಹತ್ತಿರ ಅವಳಿಗೆ ಯಾವತ್ತೂ ಬಂದಿರಲಿಲ್ಲ.

“ಹೂಂ ಅನ್ನು,” ಅಂದಳು. “ನಾಳೆ ಬೆಳಿಗ್ಗೆ ಹೋದ ತಕ್ಷಣ ಹೂಂ ಅನ್ನು. ಯೋಚನೆ ಮಾಡ್ಬೇಡ.”

ಅದೂ ಕೊನೆಗೆ ಸಲಹೆಯೇ ಆಯಿತು. ಆಮೇಲೆ ಅವಳು ಅತ್ತಳು. ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿದುಕೊಂಡೇ ಇದ್ದುದರಿಂದ ಅಳು ಸರಿಯಾಗಿ ಬರಲೂ ಇಲ್ಲ. ಕೂಸು ಕಂಬ ಬಿಟ್ಟು, ಅವಳನ್ನು ಬಳಸಿಕೊಂಡು ಇನ್ನೊಂದು ಸುತ್ತು ಹೋದಳು, ಬೇಕೆಂದೇ ಹೋದಳು. ತಿರುಗಿ ಬಂದು ಕಟ್ಟೆಯ ಮೇಲೆ ಕೂತು ತನ್ನ ಚಪ್ಪಲಿ ಹಾಕಿಕೊಂಡಳು. ಡಾಕ್ಟ್ರಮ್ಮ ಏಳಲು ನೋಡಿ ಆಗದೆ, ಮಂಡಿ ಪ್ಯಾಡುಗಳನ್ನು ಟಕಟಕ ಅನ್ನಿಸುತ್ತ ಅಂಬೆಗಾಲಿಟ್ಟು ಕಟ್ಟೆಯವರೆಗೆ ಬಂದಳು. ಕೂಸು ಹತ್ತಿರ ಹೋಗಲಿಲ್ಲ, ಬಿಟ್ಟು ಹೊರಟೂ ಹೋಗಲಿಲ್ಲ.

“ಕೋಪಾನಾ?” ಎಂದಳು ಡಾಕ್ಟ್ರಮ್ಮ.

“ಹೌದು.”

“ತುಂಬಾನಾ?”

“ತುಂಬಾ.”

ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ಕೂಸು ಮುಂದೆ ಹತ್ತಿ ಕಿಟಕಿಯ ಪಕ್ಕ ಕೂತಳು. ಕೂತು, ಸ್ಕೇಟಿನ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು ಹೊರಗೆ ನೋಡತೊಡಗಿದಳು. ಎಷ್ಟೋ ಸೀಟುಗಳು ಖಾಲಿಯಿದ್ದವು. ಡಾಕ್ಟ್ರಮ್ಮ ಅವುಗಳನ್ನು ಬಿಟ್ಟು ಆ ಸೀಟಿನ ಪಕ್ಕದಲ್ಲೇ ಕಂಬಿ ಹಿಡಿದು ನಿಂತಳು. ಚೀಲ ಮೇಲಿಡಲಾ ಎಂದು ಕೇಳಲಿಲ್ಲ, ತಾನೇ ಎತ್ತಿಡಲೂ ಇಲ್ಲ. ಕೈ ಅದಕ್ಕಾಗಿ ತುಡಿಯುತ್ತಿತ್ತು, ತಡೆದುಕೊಂಡಳು.

ಕೆಲವು ನಿಲ್ದಾಣ ಕಳೆದ ಮೇಲೆ, ಮುಖ ತಿರುಗಿಸದೆಯೇ, ಕೂಸು ಚೀಲವನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು. ಕೂತ್ಕೋ ಅನ್ನಲಿಲ್ಲ. ಡಾಕ್ಟ್ರಮ್ಮ ಕೂತಳು. ಜೀವ ಹೋಗುವಷ್ಟು ನೋವಾಯಿತು. ಆದರೂ ಇಳಿಯುವ ಜಾಗ ಬರುವವರೆಗೆ ಮಿಸುಕಾಡಲಿಲ್ಲ.